ಪ್ರಿನ್ಸ್‌ಟನ್ ಜಂಕ್ಷನ್‌ನಲ್ಲಿ ಮನೆ: ಹದಿನೇಳು ತಿಂಗಳ ಲೆಕ್ಕ

ಕಳೆದ ವಾರ ಹಾಸನದಿಂದ ಅಪ್ಪ ಫೋನ್ ಮಾಡಿ, ಆದಾಯ ತೆರಿಗೆಯ ಮರುಪಾವತಿ ತಮ್ಮ ಖಾತೆಗೆ ಬಂದಿದೆ ಎಂದು ತಿಳಿಸಿದರು. 2024ರ ಮೇ ತಿಂಗಳಲ್ಲಿ ನಮಗೆ ಹಣ ಕಳುಹಿಸುವಾಗ ಅವರಿಂದ ಹಿಡಿದುಕೊಂಡಿದ್ದ 6.6 ಲಕ್ಷ ರೂಪಾಯಿ ಅದು. ಅದು ಬಂದದ್ದರಿಂದ ನಮ್ಮ ಮನೆಯ ಪ್ರಕರಣ ಹದಿನೇಳು ತಿಂಗಳ ನಂತರ ಕಾಗದದ ಮೇಲಾದರೂ ಮುಗಿದಂತಾಯಿತು. ಅಮೆರಿಕದ ಜರ್ಸಿ ಸಿಟಿಯ ಬಾಡಿಗೆ ಮನೆಗಳಲ್ಲಿದ್ದುಕೊಂಡು, ಮಗುವಿನ ಶಾಲೆಗಾಗಿ ದೂರದ ಉಪನಗರಕ್ಕೆ ಹೋಗುವುದೋ ಬೇಡವೋ ಎಂದು ತೂಗಿ ನೋಡುತ್ತಿರುವ ನಮ್ಮವರು ಹಲವರಿದ್ದಾರೆ. ನಮಗೆ ಯಾರೂ ಮೊದಲೇ ಹೇಳದಿದ್ದ ಸಂಗತಿಗಳನ್ನು ಅವರಿಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಾವು ಈಗ ಇರುವುದು ನ್ಯೂಜರ್ಸಿಯ ಮರ್ಸರ್ ಕೌಂಟಿಯ ವೆಸ್ಟ್ ವಿಂಡ್ಸರ್‌ನಲ್ಲಿ. ಪ್ರಿನ್ಸ್‌ಟನ್ ಜಂಕ್ಷನ್ ಎಂಬ ರೈಲು ನಿಲ್ದಾಣ ಇರುವುದು ಇಲ್ಲಿಯೇ. ನ್ಯೂಯಾರ್ಕ್‌ನಿಂದ ಸುಮಾರು 75 ಕಿಲೋಮೀಟರ್ ದೂರ. 2020ರ ಜನಗಣತಿಯ ಪ್ರಕಾರ ಸುಮಾರು 29,500 ಜನರಿರುವ ಈ ಊರಿಗೆ ಪೇಟೆಬೀದಿ ಎಂಬುದೇ ಇಲ್ಲ. ಒಂದು ಕಾಲದಲ್ಲಿ ಹೊಲಗದ್ದೆಗಳಿದ್ದ ಜಾಗದಲ್ಲಿ ಈಗ ಬಡಾವಣೆಗಳು, ಶಾಲೆಗಳು ಮತ್ತು ರೈಲು ನಿಲ್ದಾಣದ ವಿಶಾಲವಾದ ಪಾರ್ಕಿಂಗ್ ಇವೆ. ಊರಿನ ಒಂದು ಮೂಲೆಯಲ್ಲಿ ಗ್ರೋವರ್ಸ್ ಮಿಲ್ ಎಂಬ ಕೆರೆ ಇದೆ. 1938ರ ಅಕ್ಟೋಬರ್ 30ರಂದು ಪ್ರಸಾರವಾದ ರೇಡಿಯೊ ನಾಟಕವೊಂದರಲ್ಲಿ ಮಂಗಳ ಗ್ರಹದವರು ಬಂದಿಳಿದದ್ದು ಇಲ್ಲಿಗೇ. ಅದನ್ನು ಸುದ್ದಿ ಎಂದೇ ನಂಬಿ ಹೆದರಿದವರ ಕಥೆಯನ್ನು ಇಲ್ಲಿನವರು ಇಂದಿಗೂ ಹೊಸಬರಿಗೆ ಹೇಳುತ್ತಾರೆ, ಕೆರೆಯ ಪಕ್ಕದ ಉದ್ಯಾನದಲ್ಲಿ ಅದರದೊಂದು ಸ್ಮಾರಕವೂ ಇದೆ.

ನಾವು ಮನೆ ಹುಡುಕಲು ಆರಂಭಿಸಿದ್ದು 2024ರ ಮಾರ್ಚ್‌ನಲ್ಲಿ. ಬಡ್ಡಿ ಶೇ. 7ರ ಹತ್ತಿರವಿದ್ದುದರಿಂದ ಪೈಪೋಟಿ ಕಡಿಮೆ ಇರಬಹುದೆಂದು ಲೆಕ್ಕ ಹಾಕಿದ್ದೆವು, ಆ ಲೆಕ್ಕ ತಲೆಕೆಳಗಾಯಿತು. ಶೇ. 3ರ ಸಾಲದಲ್ಲಿ ಮನೆ ಕೊಂಡವರು ಅದನ್ನು ಬಿಟ್ಟು ಕದಲಲು ಒಪ್ಪದೆ ಕುಳಿತಿದ್ದರಿಂದ ಮಾರಾಟಕ್ಕೆ ಬರುವ ಮನೆಗಳೇ ಬೆರಳೆಣಿಕೆಯಷ್ಟಿದ್ದವು. ಶನಿವಾರ ಬಾಗಿಲು ತೆರೆದು ತೋರಿಸಿದ ಮನೆಗೆ ಸೋಮವಾರ ಸಂಜೆಯೊಳಗೆ ಬೆಲೆ ಹೇಳಬೇಕಿತ್ತು. ಮೊದಲನೆಯ ಮನೆಗೆ ಕೇಳಿದ ಬೆಲೆಗಿಂತ 40,000 ಡಾಲರ್ ಹೆಚ್ಚು ಹೇಳಿದರೂ ನಾವು ಆರನೆಯವರಾದೆವು. ಎರಡನೆಯದು ನಮ್ಮದೇ ಆಯಿತೆಂದು ನಂಬಿ ಅಪ್ಪನಿಗೂ ಹೇಳಿಬಿಟ್ಟಿದ್ದೆ. ಆದರೆ ನ್ಯೂಜರ್ಸಿಯಲ್ಲಿ ಕರಾರಿಗೆ ಸಹಿ ಬಿದ್ದ ಮೇಲೂ ಮೂರು ಕೆಲಸದ ದಿನಗಳ ವಕೀಲರ ಪರಿಶೀಲನೆ ಎಂಬುದೊಂದಿದೆ. ಆ ಅವಧಿಯಲ್ಲಿ ಎರಡೂ ಕಡೆಯವರಲ್ಲಿ ಯಾರ ವಕೀಲರು ಬೇಕಾದರೂ ಕರಾರನ್ನು ತಿರಸ್ಕರಿಸಬಹುದು. ಎರಡನೆಯ ದಿನ ಸಂಜೆ ಮಾರುವವರು ಹಿಂದೆ ಸರಿದರು, ಯಾರೋ ಹೆಚ್ಚು ಕೊಟ್ಟಿರಬೇಕು. ಆದ್ದರಿಂದ ವಕೀಲರ ಪರಿಶೀಲನೆ ಮುಗಿಯುವ ತನಕ ಊರಿಗೆ ಸುದ್ದಿ ಮುಟ್ಟಿಸಬೇಡಿ.

ಮೂರನೆಯ ಮನೆ 1978ರಲ್ಲಿ ಕಟ್ಟಿದ್ದು, ನಾಲ್ಕು ಕೋಣೆಗಳದು, ನಿಲ್ದಾಣದಿಂದ ಕಾರಿನಲ್ಲಿ ಎಂಟು ನಿಮಿಷದ ದೂರದ್ದು. ಬೆಲೆ 9,40,000 ಡಾಲರ್‌ಗೆ ಕುದುರಿತು. 10 ಲಕ್ಷ ಡಾಲರ್ ದಾಟಬಾರದೆಂದು ನಾವು ಹಟ ಹಿಡಿದಿದ್ದೆವು. ಆಗ ಆ ಗೆರೆ ದಾಟಿದ ಮನೆಗೆ ಕೊಳ್ಳುವವರೇ ಶೇ. 1ರಷ್ಟು ಹೆಚ್ಚುವರಿ ಶುಲ್ಕ ತೆರಬೇಕಾಗಿತ್ತು. 2025ರ ಜುಲೈ 10ರಿಂದ ಆ ಹೊರೆಯನ್ನು ಮಾರುವವರ ಮೇಲೆ ಹಾಕಿ, ಬೆಲೆ ಏರಿದಂತೆ ಏರುವ ಹಾಗೆ ಮಾಡಿದ್ದಾರೆ. ಈಗ ಕೊಳ್ಳುವವರಿಗೆ ಆ ಖರ್ಚು ನೇರವಾಗಿ ಇಲ್ಲ, ಆದರೂ ಮಾರುವವರು ಅದನ್ನು ಬೆಲೆಯಲ್ಲಿ ಸೇರಿಸದೆ ಬಿಟ್ಟಾರು ಎಂದು ನನಗೆ ಅನ್ನಿಸುವುದಿಲ್ಲ.

ಶೇ. 20 ಮುಂಗಡವೆಂದರೆ 1,88,000 ಡಾಲರ್. ನಮ್ಮ ಉಳಿತಾಯಕ್ಕೆ ಸುಮಾರು 48,000 ಡಾಲರ್ ಕೊರತೆ ಬಿತ್ತು. ಅಪ್ಪ ತಮ್ಮ ನಿವೃತ್ತಿಯ ಠೇವಣಿಯನ್ನು ಮುರಿಸಿ 40 ಲಕ್ಷ ರೂಪಾಯಿ ಕಳುಹಿಸಲು ಒಪ್ಪಿದರು. ಅಲ್ಲಿಂದ ತಲೆಬಿಸಿ ಆರಂಭವಾಯಿತು. ಭಾರತದಲ್ಲಿರುವವರು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದು, ಅದು ನಮಗೆ ಗೊತ್ತಿತ್ತು. ಗೊತ್ತಿಲ್ಲದ್ದು ಏನೆಂದರೆ, ಆಗ 7 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಶೇ. 20ರಷ್ಟನ್ನು ಬ್ಯಾಂಕು ತೆರಿಗೆಯಾಗಿ ಮೊದಲೇ ವಸೂಲು ಮಾಡುತ್ತಿತ್ತು. 33 ಲಕ್ಷಕ್ಕೆ 6.6 ಲಕ್ಷ. ಅಂದರೆ 40 ಲಕ್ಷ ನಮಗೆ ತಲುಪಲು ಅಪ್ಪನ ಬಳಿ 46.6 ಲಕ್ಷ ಇರಬೇಕಾಯಿತು. ಅವರು ಇನ್ನೊಂದು ಠೇವಣಿಯನ್ನೂ ಮುರಿಸಿದರು, ಅದರ ಬಗ್ಗೆ ನನಗೆ ಹೇಳಿದ್ದು ಎರಡು ತಿಂಗಳ ನಂತರ. ಈ ಹಣ ಕಳೆದುಹೋಗುವುದಿಲ್ಲ, ಮುಂದಿನ ವರ್ಷದ ರಿಟರ್ನ್ಸ್‌ನಲ್ಲಿ ತೋರಿಸಿದರೆ ಹಿಂದಿರುಗುತ್ತದೆ. ಆದರೆ ಅಲ್ಲಿಯ ತನಕ ವಯಸ್ಸಾದವರ ಕೈ ಖಾಲಿ ಇರುತ್ತದೆ ಎಂಬುದನ್ನು ಕೇಳುವ ಮೊದಲೇ ಯೋಚಿಸಿ. 2025ರ ಏಪ್ರಿಲ್‌ನಿಂದ 7 ಲಕ್ಷದ ಮಿತಿ 10 ಲಕ್ಷವಾಗಿದೆ. ಇಲ್ಲಿನ ಕಡೆಯಿಂದ, ವರ್ಷಕ್ಕೆ 1,00,000 ಡಾಲರ್‌ಗಿಂತ ಹೆಚ್ಚಿನ ಉಡುಗೊರೆ ವಿದೇಶದಿಂದ ಬಂದರೆ ತೆರಿಗೆ ಇಲ್ಲದಿದ್ದರೂ ಅಮೆರಿಕದ ತೆರಿಗೆ ಇಲಾಖೆಗೆ ಫಾರಂ 3520 ಸಲ್ಲಿಸಬೇಕು. ನಮ್ಮದು ಅದಕ್ಕಿಂತ ಕಡಿಮೆಯಿತ್ತು.

ಸಾಲ ಕೊಟ್ಟ ಬ್ಯಾಂಕಿನವರು ಈ ಹಣ ಸಾಲವಲ್ಲ, ಉಡುಗೊರೆ ಎಂದು ಅಪ್ಪನ ಸಹಿಯ ಪತ್ರ ಕೇಳಿದರು. ನಂತರ ಅಪ್ಪನ ಖಾತೆಯ ವಿವರ, ಆಮೇಲೆ ಆ ಠೇವಣಿಯ ವಿವರ, ಕೊನೆಗೆ ಅವುಗಳ ಮೇಲಿನ ರೂಪಾಯಿಯ ಅಂಕಿಗಳನ್ನು ಡಾಲರಿಗೆ ಪರಿವರ್ತಿಸಿದ ಪಟ್ಟಿ ಕೇಳಿದರು. ನಮ್ಮ ವೀಸಾ, ಅನುಮೋದನೆ ಪತ್ರ, ಎರಡು ವರ್ಷಗಳ ತೆರಿಗೆ ರಿಟರ್ನ್ಸ್ ಮೊದಲೇ ಕೊಟ್ಟಿದ್ದೆವು. ಎಲ್ಲ ಮುಗಿಯಿತೆಂದುಕೊಂಡಾಗ, ಖಾತೆಗೆ ಬಂದಿದ್ದ 1,150 ಡಾಲರ್ ಎಲ್ಲಿಯದು ಎಂಬ ಪ್ರಶ್ನೆ ಬಂತು. ಅದು ಪ್ರವಾಸವೊಂದರ ಪಾಲನ್ನು ಗೆಳೆಯರು ಹಿಂದಿರುಗಿಸಿದ್ದು. ಮೂರು ಕುಟುಂಬಗಳು ಒಂದು ವಾರಾಂತ್ಯದಲ್ಲಿ ಎಷ್ಟು ಪಿಜ್ಜಾ ತಿಂದವು ಎಂಬುದರ ಹತ್ತಿರಹತ್ತಿರ ವಿವರವನ್ನು ನಾನು ಬರೆದು ಸಹಿ ಹಾಕಿ ಕೊಡಬೇಕಾಯಿತು. ಸಾಲಕ್ಕೆ ಅರ್ಜಿ ಹಾಕುವ ಮೂರು ತಿಂಗಳು ಮೊದಲಿನಿಂದಲೇ ಇಂಥ ಕೊಡುಕೊಳ್ಳುವಿಕೆಯನ್ನು ನಿಲ್ಲಿಸುವುದು ಲೇಸು.

ಮನೆ ತಪಾಸಣೆಯ ದಿನ ರಜೆ ಹಾಕಿ ಹೋಗಿ. ಇಲ್ಲಿನ ಹಳೆಯ ಮನೆಗಳಲ್ಲಿ ಎರಡು ವಿಶೇಷ ಪರೀಕ್ಷೆಗಳನ್ನು ಮರೆಯಬಾರದು. ಒಂದು, ಹಿಂದೆ ಎಣ್ಣೆ ಒಲೆಯಿಂದ ಮನೆ ಬಿಸಿ ಮಾಡುತ್ತಿದ್ದ ಕಾಲದ ಟ್ಯಾಂಕು ಅಂಗಳದಲ್ಲಿ ಹೂತುಹೋಗಿದೆಯೇ ಎಂಬುದು. ಅದು ಸೋರಿದ್ದರೆ ಮಣ್ಣು ಶುದ್ಧಿ ಮಾಡಿಸುವ ಖರ್ಚು ಮನೆಯ ಮಾಲೀಕರ ತಲೆಗೆ ಬರುತ್ತದೆ. ಇನ್ನೊಂದು ರೇಡಾನ್, ನೆಲದಿಂದ ಏಳುವ ವಿಕಿರಣಶೀಲ ಅನಿಲ. 4 ಎಂಬ ಅಂಕಿ ಮುಟ್ಟಿದರೆ ಸರಿಪಡಿಸಬೇಕೆಂದು ಸರ್ಕಾರವೇ ಹೇಳುತ್ತದೆ, ನಮ್ಮ ನೆಲಮಾಳಿಗೆಯಲ್ಲಿ 5.2 ಇತ್ತು. ಮಾರುವವರು ತಮ್ಮ ಖರ್ಚಿನಲ್ಲಿ ಕೊಳವೆ ಮತ್ತು ಫ್ಯಾನ್ ಹಾಕಿಸಿಕೊಟ್ಟರು. ಗೋಡೆಗುಂಟ ಸೂರಿನವರೆಗೆ ಹೋಗುವ ಆ ಬಿಳಿ ಕೊಳವೆ ಹಗಲಿರುಳೂ ಸಣ್ಣಗೆ ಗುಂಯ್‌ಗುಡುತ್ತಿರುತ್ತದೆ. ಮೊದಲ ವಾರ ಅದರಿಂದ ನಿದ್ದೆ ಬರಲಿಲ್ಲ, ಈಗ ವಿದ್ಯುತ್ ಹೋಗಿ ಅದು ನಿಂತರೆ ಎಚ್ಚರವಾಗುತ್ತದೆ.

ಜುಲೈ ಮಧ್ಯದಲ್ಲಿ ಕೀಲಿ ಕೈಗೆ ಬಂತು. ವಕೀಲರು, ಹಕ್ಕುಪತ್ರದ ವಿಮೆ, ನೋಂದಣಿ, ಮುಂಗಡ ತೆರಿಗೆ ಎಲ್ಲ ಸೇರಿ ಮನೆಯ ಬೆಲೆಯ ಮೇಲೆ ಇನ್ನೂ ಸುಮಾರು 14,000 ಡಾಲರ್ ಆಯಿತು. ಶೇ. 6.75ರ ಸಾಲದ ಕಂತು ತಿಂಗಳಿಗೆ 4,877 ಡಾಲರ್, ಆಸ್ತಿ ತೆರಿಗೆ ವರ್ಷಕ್ಕೆ 16,800 ಡಾಲರ್. ತೆರಿಗೆಯ ಈ ಅಂಕಿಯನ್ನು ಒಮ್ಮೆ ನಿಧಾನವಾಗಿ ಓದಿ. ತಿಂಗಳಿಗೆ 1,400 ಡಾಲರ್ ಆಯಿತು, ಸಾಲ ತೀರಿದ ಮೇಲೂ ಅದು ತೀರುವುದಿಲ್ಲ. ಇಡೀ ನ್ಯೂಜರ್ಸಿಯ ಸರಾಸರಿಯೇ 10,000 ಡಾಲರ್ ದಾಟಿದೆ. ಬಿಲ್ಲು ಬಿಡಿಸಿ ನೋಡಿದರೆ ಅರ್ಧಕ್ಕಿಂತ ಹೆಚ್ಚು ಶಾಲೆಗಳಿಗೇ ಹೋಗುತ್ತದೆ. ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ 1ನೇ ತಾರೀಖು ಅದರ ಕಂತಿನ ದಿನಗಳು.

ಆ ಶಾಲೆಗಾಗಿಯೇ ತಾನೇ ಬಂದದ್ದು. ಮಗಳನ್ನು ಮೂರನೆಯ ತರಗತಿಗೆ ಸೇರಿಸಲು ಜನನ ಪತ್ರ, ಲಸಿಕೆಯ ದಾಖಲೆ, ಹಿಂದಿನ ಶಾಲೆಯ ಕಾಗದಗಳ ಜೊತೆಗೆ ನಾವು ಇದೇ ಊರಿನಲ್ಲಿ ವಾಸವಾಗಿದ್ದೇವೆ ಎಂಬುದಕ್ಕೆ ಒಂದಕ್ಕಿಂತ ಹೆಚ್ಚು ಪುರಾವೆ ಬೇಕಿತ್ತು. ವಿದ್ಯುತ್ ಸಂಪರ್ಕವನ್ನು ಪತಿಯ ಹೆಸರಿನಲ್ಲಿ ಪಡೆದು, ಶಾಲೆಯ ನೋಂದಣಿಯನ್ನು ನನ್ನ ಹೆಸರಿನಲ್ಲಿ ತುಂಬಿದ್ದು ನಮ್ಮದೇ ತಪ್ಪು. ಒಂದು ಬಿಲ್ಲಿಗಾಗಿ ಹನ್ನೆರಡು ದಿನ ಕಾದೆವು. ಮನೆ ಕೈಗೆ ಬಂದ ದಿನವೇ ನೀರು, ವಿದ್ಯುತ್, ಅನಿಲ ಇವುಗಳಲ್ಲಿ ಕನಿಷ್ಠ ಒಂದನ್ನಾದರೂ ತಾಯಿಯ ಹೆಸರಿಗೆ, ಒಂದನ್ನು ತಂದೆಯ ಹೆಸರಿಗೆ ಮಾಡಿಸಿಕೊಳ್ಳಿ.

ಶಾಲೆ ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಚೆನ್ನಾಗಿರುವುದು ಸಾಲದು ಎಂಬ ಗಾಳಿ ಬೀಸುತ್ತಿರುತ್ತದೆ. ಮಕ್ಕಳ ಮೇಲಿನ ಒತ್ತಡ ಅತಿಯಾಯಿತೆಂದು 2015ರಲ್ಲಿ ಇಲ್ಲಿನ ಶಾಲಾ ಜಿಲ್ಲೆಯು ಹೈಸ್ಕೂಲಿನ ಮಧ್ಯಾವಧಿ ಮತ್ತು ಅಂತಿಮ ಪರೀಕ್ಷೆಗಳನ್ನೇ ಕೈಬಿಟ್ಟಿತು. ಅದನ್ನು ಸ್ವಾಗತಿಸಿದವರೂ ವಿರೋಧಿಸಿದವರೂ ಎದುರುಬದುರಾಗಿ ನಿಂತರು, ವಿರೋಧಿಸಿದವರಲ್ಲಿ ನಮ್ಮಂತೆ ಏಷ್ಯಾದಿಂದ ಬಂದ ಪಾಲಕರು ಬಹಳ ಮಂದಿ ಇದ್ದರು. ಒಂಬತ್ತು ವರ್ಷಗಳ ನಂತರ ಬಂದ ನಮಗೆ ಮೊದಲ ಹುಟ್ಟುಹಬ್ಬದ ಕೂಟದಲ್ಲೇ ಎದುರಾದ ಪ್ರಶ್ನೆ, "ಗಣಿತಕ್ಕೆ ಎಲ್ಲಿಗೆ ಕಳಿಸ್ತೀರಿ?" ಎಂಬುದು. ಎಲ್ಲಿಗೂ ಇಲ್ಲ ಎಂದಾಗ ಕೇಳಿದವರು ಮರುಕದಿಂದ ನೋಡಿದರು. ಈಗ ಶನಿವಾರ ಒಂದು ಕಡೆ ಕಳುಹಿಸುತ್ತಿದ್ದೇವೆ. ಇದನ್ನು ಬರೆಯಲು ನನಗೆ ಸಂಕೋಚವಾಗುತ್ತಿದೆ.

ಇನ್ನು ರೈಲಿನ ವಿಷಯ. ಜರ್ಸಿ ಸಿಟಿಯಲ್ಲಿದ್ದಾಗ ನದಿ ದಾಟಿ ಮ್ಯಾನ್‌ಹಟನ್ ಸೇರಲು ಇಪ್ಪತ್ತು ನಿಮಿಷ ಸಾಕಾಗುತ್ತಿತ್ತು. ಈಗ ಮನೆಯ ಬಾಗಿಲಿನಿಂದ ಕಚೇರಿಯ ಬಾಗಿಲಿಗೆ ಒಂದು ಗಂಟೆ ಐವತ್ತು ನಿಮಿಷ. ಮನೆಯ ಜಾಹೀರಾತಿನಲ್ಲಿ ಬರೆದಿರುವ "ನ್ಯೂಯಾರ್ಕ್‌ಗೆ ಒಂದು ಗಂಟೆ" ಎಂಬುದು ವೇಗದ ರೈಲಿನ ಚಕ್ರ ಉರುಳುವ ಹೊತ್ತು ಮಾತ್ರ. ಕಾರು ನಿಲ್ಲಿಸುವುದು, ಪ್ಲಾಟ್‌ಫಾರ್ಮಿಗೆ ನಡೆಯುವುದು, ನ್ಯೂಯಾರ್ಕ್‌ನ ಪೆನ್ ಸ್ಟೇಷನ್‌ನಿಂದ ಮುಂದೆ ಸಬ್‌ವೇ ಹಿಡಿಯುವುದು ಅದರಲ್ಲಿ ಸೇರಿಲ್ಲ. ವಾರಕ್ಕೆ ನಾಲ್ಕು ದಿನ ಹೋಗಿಬಂದರೆ ಹದಿನಾಲ್ಕೂವರೆ ಗಂಟೆಗಿಂತ ಹೆಚ್ಚು ಸಮಯ ದಾರಿಯಲ್ಲೇ ಕಳೆಯುತ್ತದೆ. ಮನೆಯ ಮುಂಗಡ ಕಟ್ಟುವ ಮೊದಲು ನಾವು ಎಲ್ಲ ಲೆಕ್ಕ ಹಾಕಿದ್ದೆವು, ಇದೊಂದನ್ನು ಮಾತ್ರ ಹಾಕಿರಲಿಲ್ಲ. ನೀವು ಕೊಳ್ಳುವ ಮೊದಲು ಒಂದು ವಾರ ಬೆಳಿಗ್ಗೆ ಇಲ್ಲಿಗೆ ಬಂದು, ಇಲ್ಲಿಂದ ಕಚೇರಿಗೆ ಹೋಗಿ, ಸಂಜೆ ಮತ್ತೆ ಇಲ್ಲಿಗೇ ಮರಳಿ ನೋಡಿ. ಹುಚ್ಚುತನವೆನಿಸಿದರೂ ಸರಿಯೇ.

ರೈಲಿನ ದರಗಳು 2024ರ ಜುಲೈ 1ರಂದು ಒಮ್ಮೆಗೇ ಶೇ. 15ರಷ್ಟು ಏರಿದವು, ಆಮೇಲೆ ವರ್ಷಕ್ಕೆ ಶೇ. 3ರಂತೆ ಏರುತ್ತಿವೆ. ತಿಂಗಳ ಪಾಸು 500 ಡಾಲರ್‌ನ ಆಸುಪಾಸಿನಲ್ಲಿದೆ. ವಾರಕ್ಕೆ ಎರಡೇ ದಿನ ಹೋಗುವವರಿಗೆ ಬಿಡಿ ಟಿಕೆಟ್ಟೇ ಅಗ್ಗ, ಆದರೆ ಆ ಟಿಕೆಟ್ಟು ಈಗ 30 ದಿನಗಳಲ್ಲಿ ಸತ್ತುಹೋಗುತ್ತದೆ, ಮೊದಲಿನಂತೆ ಕೂಡಿಡಲು ಬರುವುದಿಲ್ಲ. ಕಚೇರಿಯಲ್ಲಿ ಪ್ರಯಾಣ ಸೌಲಭ್ಯವಿದ್ದರೆ 2025ರಲ್ಲಿ ತಿಂಗಳಿಗೆ 325 ಡಾಲರ್‌ವರೆಗೆ ತೆರಿಗೆಗೆ ಮೊದಲೇ ಕಡಿತ ಮಾಡಿಸಿಕೊಳ್ಳಬಹುದಿತ್ತು. ನಿಲ್ದಾಣದ ಪಾರ್ಕಿಂಗ್‌ಗೆ ಅಷ್ಟೇ ಮೊತ್ತದ ಇನ್ನೊಂದು ಕಡಿತ ಬೇರೆಯೇ ಇದೆ, ಅದು ನನಗೆ ಗೊತ್ತಾದದ್ದು ಐದು ತಿಂಗಳ ನಂತರ. ಪಾರ್ಕಿಂಗ್ ಪರ್ಮಿಟ್ ಪಾಸಿನ ಜೊತೆಗೇ ಬರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ, ಅದಕ್ಕೆ ಬೇರೆ ಅರ್ಜಿ, ಬೇರೆ ಸರದಿ. ವಿಳಾಸ ಬದಲಾದ ದಿನವೇ ಹೆಸರು ಬರೆಸಿಬಿಡಿ.

ಬೆಳಿಗ್ಗೆ ಏಳಕ್ಕೆ ಮೊದಲು ಪ್ಲಾಟ್‌ಫಾರ್ಮಿನ ಮೇಲೆ ನೋಡುವಂಥದ್ದೊಂದಿದೆ. ಜನ ಸಾಲಾಗಿ ನಿಂತಿರುವುದಿಲ್ಲ, ಹತ್ತು ಹನ್ನೆರಡು ಗುಂಪುಗಳಾಗಿ ನಿಂತಿರುತ್ತಾರೆ, ನಡುವೆ ಖಾಲಿ. ರೈಲಿನ ಬಾಗಿಲುಗಳು ಸರಿಯಾಗಿ ಆ ಗುಂಪುಗಳ ಮುಂದೆಯೇ ಬಂದು ನಿಲ್ಲುತ್ತವೆ. ನನಗೆ ಆ ಜಾಗ ಪತ್ತೆಯಾಗಲು ಮೂರು ವಾರ ಬೇಕಾಯಿತು. ಅಂಚಿನ ಹಳದಿ ಪಟ್ಟಿಯ ಗುಬುಟುಗಳು ಸವೆದು ಚಪ್ಪಟೆಯಾಗಿರುವ ಕಡೆ ನಿಂತರೆ ಬಾಗಿಲು ಅಲ್ಲೇ ತೆರೆಯುತ್ತದೆ. ಸಂಜೆ ಪೆನ್ ಸ್ಟೇಷನ್‌ನಲ್ಲಿ ಇದರ ತಿರುಗುಮುರುಗು. ಯಾವ ಹಳಿಗೆ ರೈಲು ಬರುತ್ತದೆಂಬುದು ಹೊರಡುವ ಸುಮಾರು ಹತ್ತು ನಿಮಿಷ ಮೊದಲಷ್ಟೇ ಫಲಕದ ಮೇಲೆ ಮೂಡುತ್ತದೆ. ಅಲ್ಲಿಯ ತನಕ ನೂರಾರು ಜನ ಕತ್ತೆತ್ತಿಕೊಂಡು ನಿಂತಿರುತ್ತಾರೆ, ಅಂಕಿ ಮೂಡಿದ ಕ್ಷಣ ಸಂತೆಯಲ್ಲಿ ಬೆದರಿದ ದನಗಳಂತೆ ಮೆಟ್ಟಿಲಿನತ್ತ ನುಗ್ಗುತ್ತಾರೆ. ನಾನೂ ನುಗ್ಗುತ್ತೇನೆ.

ಹಡ್ಸನ್ ನದಿಯ ಕೆಳಗೆ ಈ ರೈಲುಗಳಿಗೆ ಇರುವುದು 1910ರಲ್ಲಿ ತೆರೆದ ಎರಡೇ ಸುರಂಗಗಳು. 2012ರ ಸ್ಯಾಂಡಿ ಚಂಡಮಾರುತದಲ್ಲಿ ಅವುಗಳಿಗೆ ಉಪ್ಪುನೀರು ನುಗ್ಗಿತ್ತು. ಮೇಲಿನ ವಿದ್ಯುತ್ ತಂತಿಯ ವ್ಯವಸ್ಥೆ 1930ರ ದಶಕದ್ದು. ಇವುಗಳಲ್ಲಿ ಒಂದು ಕಡೆ ತೊಡಕಾದರೆ ಇಡೀ ಸಾಲು ನಿಲ್ಲುತ್ತದೆ. ನಾವು ಬಂದ ಬೇಸಿಗೆಯ ಒಂದು ಸಂಜೆ ಆರೂಕಾಲರ ರೈಲು ಸಿಕಾಕಸ್ ನಿಲ್ದಾಣ ದಾಟುವ ಮೊದಲೇ ಜೌಗಿನ ನಡುವೆ ನಿಂತಿತು. ತಂಪುಯಂತ್ರ ನಿಂತಿತು, ದೀಪಗಳೂ ಆರಿದವು. ಎದುರಿಗೆ ಕುಳಿತಿದ್ದವರು ಟೈ ಸಡಿಲಿಸಿ, ಇದಕ್ಕೆಂದೇ ಚೀಲದಲ್ಲಿ ಇಟ್ಟುಕೊಂಡಿದ್ದ ಬೀಸಣಿಗೆ ತೆಗೆದರು. ಅವರು ಈ ದಾರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಓಡಾಡುತ್ತಿದ್ದಾರಂತೆ. ನಾನು ಮನೆ ತಲುಪಿದಾಗ ಹತ್ತೂ ನಲವತ್ತು. ಮಗಳು ಸೋಫಾದ ಮೇಲೆ ಶಾಲೆಯ ಬೂಟಿನಲ್ಲೇ ನಿದ್ದೆ ಹೋಗಿದ್ದಳು. ಪತಿಯ ಕೆಲಸ ಪಕ್ಕದ ಪ್ಲೇನ್ಸ್‌ಬರೊದಲ್ಲಿ ಇದ್ದುದರಿಂದ ಅವಳನ್ನು ಆರು ಗಂಟೆಗೆ ಕರೆತರಲು ಯಾರಾದರೂ ಇದ್ದರು. ಇಬ್ಬರೂ ನ್ಯೂಯಾರ್ಕ್‌ಗೆ ಹೋಗುವ ದಂಪತಿಗಳಿಗೆ ನನ್ನ ಒಂದೇ ವಿನಂತಿ, ಶಾಲೆಯ ತುರ್ತು ಸಂಪರ್ಕದ ಪಟ್ಟಿಯಲ್ಲಿ ಹದಿನೈದು ನಿಮಿಷದಲ್ಲಿ ಬರಬಲ್ಲ ನೆರೆಯವರೊಬ್ಬರ ಹೆಸರು ಇರಲಿ. 2025ರ ಮೇ 16ರಂದು ರೈಲು ಚಾಲಕರ ಮುಷ್ಕರವೂ ನಡೆಯಿತು, ನಾಲ್ಕು ದಶಕಗಳಲ್ಲಿ ಮೊದಲನೆಯದು. ಶುಕ್ರವಾರ ನಿಂತ ರೈಲು ಮಂಗಳವಾರ ಓಡಿತು. ಆ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡಿದೆ. ಹಾಗೆ ಮನೆಯಲ್ಲಿದ್ದು ದುಡಿದ ದಿನಗಳ ಆದಾಯಕ್ಕೂ, ನಿಮ್ಮ ಅನುಕೂಲಕ್ಕಾಗಿ ಮನೆಯಲ್ಲಿದ್ದಿರಿ ಎಂಬ ಕಾರಣಕ್ಕೆ ನ್ಯೂಯಾರ್ಕ್ ರಾಜ್ಯವೇ ತೆರಿಗೆ ಕೇಳುತ್ತದೆ, ನ್ಯೂಜರ್ಸಿ ಅದಕ್ಕೆ ಪ್ರತಿಯಾಗಿ ರಿಯಾಯಿತಿ ಕೊಡುತ್ತದೆ. ಎರಡೂ ರಾಜ್ಯಗಳ ರಿಟರ್ನ್ಸ್ ತುಂಬಬೇಕು.

ಏಪ್ರಿಲ್‌ನಲ್ಲಿ ಅಮ್ಮ ಆರು ತಿಂಗಳಿಗೆಂದು ಬಂದರು. ಬಂದ ಎರಡನೆಯ ದಿನ ಬೆಳಿಗ್ಗೆ ಚಪ್ಪಲಿ ಮೆಟ್ಟಿಕೊಂಡು ಹೊರಟವರು ಹತ್ತೇ ನಿಮಿಷದಲ್ಲಿ ಹಿಂದಿರುಗಿದರು. ನಮ್ಮ ಬಡಾವಣೆಯ ಒಳಗೆ ಕಾಲುದಾರಿ ಇದೆ, ದೊಡ್ಡ ರಸ್ತೆ ಸೇರುವಲ್ಲಿ ಅದು ಹುಲ್ಲಿನೊಳಗೆ ಮುಗಿದುಹೋಗುತ್ತದೆ. "ಅಲ್ಲ ಕಣೇ, ಇಷ್ಟು ದುಡ್ಡು ಸುರಿದು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೀಬೇಕಾದ ಊರಿಗೆ ಬಂದಿದ್ದೀರಲ್ಲ" ಎಂದರು. ಜರ್ಸಿ ಸಿಟಿಯ ನ್ಯೂಆರ್ಕ್ ಅವೆನ್ಯೂದಲ್ಲಿ, ಹಿಂದಿನ ಸಲ ಬಂದಾಗ, ಅವರೇ ಒಬ್ಬರೇ ಹೋಗಿ ಚೌಕಾಸಿ ಮಾಡಿ ತರಕಾರಿ ತರುತ್ತಿದ್ದರು. ನಾನು ರೈಲಿನಲ್ಲಿ, ಅಳಿಯ ಕಚೇರಿಯಲ್ಲಿ, ಮೊಮ್ಮಗಳು ಶಾಲೆಯಲ್ಲಿ ಇರುವ ಹಗಲಿನಲ್ಲಿ ಬೀದಿಯಲ್ಲಿ ಕಾಣುವವರೆಂದರೆ ಹುಲ್ಲು ಕತ್ತರಿಸುವವರು ಮತ್ತು ಪಾರ್ಸೆಲ್ ತರುವವರು. ನನಗೆ ಈ ಊರಿನ ಹಗಲು ಹೇಗಿರುತ್ತದೆಂದು ತಿಳಿದದ್ದೇ ಅಮ್ಮನಿಂದ, ಏಕೆಂದರೆ ವಾರದ ದಿನಗಳಲ್ಲಿ ನಾನು ಅದನ್ನು ನೋಡಿದ್ದೇ ಕಡಿಮೆ. ಮೇ ಕೊನೆಯ ಹೊತ್ತಿಗೆ ಅವರು ದಾರಿ ಕಂಡುಕೊಂಡರು. ಗ್ರೋವರ್ಸ್ ಮಿಲ್ ಕೆರೆಯ ಬಳಿ ಬೆಳಿಗ್ಗೆ ಒಂಬತ್ತೂವರೆಗೆ ಆಂಧ್ರದ, ಗುಜರಾತಿನ, ಚೀನಾದ ಅಜ್ಜ ಅಜ್ಜಿಯರು ಸೇರುತ್ತಾರೆ. ಪತಿ ಕಚೇರಿಗೆ ಹೋಗುವಾಗ ಅಮ್ಮನನ್ನು ಅಲ್ಲಿ ಇಳಿಸುತ್ತಿದ್ದರು, ತೆಲುಗಿನವರ ಸೊಸೆ ವಾಪಸು ಬಿಡುತ್ತಿದ್ದರು. ತಂದೆ ತಾಯಿಯರನ್ನು ಕರೆಸಿಕೊಳ್ಳುವವರು ಟಿಕೆಟ್ಟು, ಪ್ರವಾಸಿ ವಿಮೆಯ ಜೊತೆಗೆ ಇಂಥದೊಂದು ಏರ್ಪಾಡನ್ನೂ ಮೊದಲೇ ವಿಚಾರಿಸಿಡಬೇಕು.

ಮೇ ಮಧ್ಯದಲ್ಲಿ ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆದ ಮೇಲೆ ಅಮ್ಮ ಹಿತ್ತಿಲಲ್ಲಿ ಅವರೆ ಬಿತ್ತಿದರು. ಬಳ್ಳಿ ಬೇಸಿಗೆಯಿಡೀ ಬರೀ ಎಲೆ ಬಿಟ್ಟು ಬೆಳೆಯಿತು. ಹಗಲು ಕುಗ್ಗಿದ ಮೇಲಲ್ಲದೆ ಅದು ಹೂ ಬಿಡುವುದಿಲ್ಲ ಎಂದು ಅಮ್ಮನಿಗೆ ಗೊತ್ತಿತ್ತು, ಕಾಯುತ್ತಿದ್ದರು. ಸೆಪ್ಟೆಂಬರಿನಲ್ಲಿ ನೇರಳೆ ಹೂ ಬಂದ ವಾರವೇ ಒಂದು ಇರುಳು ಜಿಂಕೆಗಳು ನಾವು ಕಟ್ಟಿದ್ದ ಐದಡಿ ಬಲೆಯನ್ನು ಹಾರಿ ಬಂದು ಬುಡದವರೆಗೆ ಮೇಯ್ದು ಹೋದವು. ಅವು ಕಣ್ಣಿಗೆ ಅಂದವಾದರೂ ಅವುಗಳ ಮೈಮೇಲಿನ ರಕ್ತ ಹೀರುವ ಉಣುಗುಗಳಿಂದ ಲೈಮ್ ರೋಗ ಬರುತ್ತದೆ, ಹಿತ್ತಿಲಲ್ಲಿ ಆಡಿ ಬಂದ ಮಕ್ಕಳ ಮೈಯನ್ನು ನಿತ್ಯವೂ ನೋಡಬೇಕು. ಅಕ್ಟೋಬರ್ ಮೊದಲ ವಾರ ಅಮ್ಮ ಹಾಸನಕ್ಕೆ ಹೊರಟರು. ಹೊರಡುವ ಮುನ್ನ ಮಿಕ್ಕ ಬೀಜಗಳನ್ನು ಕಾಗದದಲ್ಲಿ ಸುತ್ತಿ ಮೇಲೆ "ಅವರೆ, ಬೇಲಿ ಆದ ಮೇಲೆ" ಎಂದು ಬರೆದು ಮಸಾಲೆ ಡಬ್ಬಿಗಳ ಸಾಲಿನಲ್ಲಿ ಇಟ್ಟು ಹೋಗಿದ್ದಾರೆ.

ಬೇಲಿಗೂ ಪರ್ಮಿಟ್ ಬೇಕು. ಅರ್ಜಿಯ ಜೊತೆ ನಿವೇಶನದ ಸರ್ವೆ ನಕ್ಷೆಯ ಪ್ರತಿಯ ಮೇಲೆ ಬೇಲಿಯ ಗೆರೆ ಎಳೆದು, ಎತ್ತರ ನಮೂದಿಸಿ ಕೊಡಬೇಕು. ಆ ನಕ್ಷೆ ಮನೆ ನೋಂದಣಿಯ ದಿನ ಕೊಡುವ ಕಾಗದಗಳ ಕಟ್ಟಿನಲ್ಲಿರುತ್ತದೆ, ಅದನ್ನು ಬೇರೆಯಾಗಿ ತೆಗೆದಿಡಿ. ನಮ್ಮದು ನೆಲಮಾಳಿಗೆಯ ಯಾವುದೋ ಪೆಟ್ಟಿಗೆಯಲ್ಲಿದೆ, ಈ ಶನಿವಾರ ಮಗಳನ್ನು ಗಣಿತದ ತರಗತಿಗೆ ಬಿಟ್ಟು ಬಂದು ಹುಡುಕಬೇಕು.